ಕೆಟ್ಟರೆ ಕೆಂಪೇ ಬೀಳಬೇಕು

ಐದು ಮಿಲಿಮೀಟರ್ ದಪ್ಪದ ಉಕ್ಕಿನ ಪಟ್ಟಿ. ಮೂರು ನಾಣ್ಯಗಳನ್ನು ಒಂದರ ಮೇಲೊಂದು ಇಟ್ಟರೆ ಹೆಚ್ಚುಕಡಿಮೆ ಅಷ್ಟೇ ದಪ್ಪ. ರೈಲು ಒಂದು ದಾರಿಯಿಂದ ಇನ್ನೊಂದಕ್ಕೆ ಹೊರಳುವ ಜಾಗಕ್ಕೆ ರೈಲ್ವೆಯವರು ‘ಪಾಯಿಂಟ್’ ಎನ್ನುತ್ತಾರೆ. ಅಲ್ಲಿ ಅತ್ತಿತ್ತ ಸರಿಯುವ ನಾಲಗೆಯಂಥ ಹಳಿಗೂ ಕದಲದ ಹಳಿಗೂ ನಡುವೆ, ತುದಿಯಿಂದ 150 ಮಿ.ಮೀ. ದೂರದಲ್ಲಿ ಈ ಪಟ್ಟಿಯನ್ನಿಟ್ಟು ಮೋಟಾರ್ ಓಡಿಸುತ್ತಾರೆ. ಹಳಿ ಬಂದು ಪಟ್ಟಿಗೆ ಒತ್ತಿ ನಿಲ್ಲಬೇಕು. ಬೀಗ ಬೀಳಕೂಡದು, ಸಿಗ್ನಲ್ ಕೆಂಪು ಬಿಟ್ಟು ಕದಲಕೂಡದು. ಬೀಗ ಬಿತ್ತೋ, ಆ ಪಾಯಿಂಟನ್ನು ನಂಬುವಂತಿಲ್ಲ. ಸಿಗ್ನಲ್ ವಿಭಾಗದಲ್ಲಿ ದುಡಿಯುವ ಪ್ರತಿಯೊಬ್ಬರಿಗೂ ಈ ಪರೀಕ್ಷೆ ಬಾಯಿಪಾಠ.

ಇಂಥ ಪಾಠಗಳಿಗೆಂದೇ ದೇಶದಲ್ಲಿ ಒಂದು ದೊಡ್ಡ ಶಾಲೆಯಿದೆ. ಹೈದರಾಬಾದಿನ ಅವಳಿ ನಗರ ಸಿಕಂದರಾಬಾದಿನ ತಾರ್ನಾಕ ರಸ್ತೆಯಲ್ಲಿರುವ ಭಾರತೀಯ ರೈಲ್ವೆಯ ಸಿಗ್ನಲ್ ಎಂಜಿನಿಯರಿಂಗ್ ಮತ್ತು ದೂರಸಂಪರ್ಕ ಸಂಸ್ಥೆ ಅದು. ಉದ್ದ ಹೆಸರನ್ನು ಯಾರೂ ಹೇಳುವುದಿಲ್ಲ. ಎಲ್ಲರ ಬಾಯಲ್ಲೂ ‘ಇರಿಸೆಟ್’. 1957ರ ನವೆಂಬರ್ 24ರಂದು ಶುರುವಾದ ಈ ಸಂಸ್ಥೆಗೆ ದೇಶದ ಎಲ್ಲ ವಲಯಗಳ ಸಿಗ್ನಲ್ ಅಧಿಕಾರಿಗಳೂ ಮೇಲ್ವಿಚಾರಕರೂ ಬರುತ್ತಾರೆ. ಹೊಸದಾಗಿ ಸೇರಿದವರಿಗೆ ಆರಂಭಿಕ ತರಬೇತಿ, ಬಡ್ತಿ ಪಡೆದವರಿಗೆ ಇನ್ನೊಂದು, ವರ್ಷಗಟ್ಟಲೆ ಕೆಲಸ ಮಾಡಿದವರಿಗೆ ಪುನರ್ಮನನ, ಹೊಸ ಯಂತ್ರ ಬಂದಾಗ ವಿಶೇಷ ಕೋರ್ಸು. ತಲೆ ನರೆತವರೂ ಇಲ್ಲಿ ಬೆಂಚಿನ ಮೇಲೆ ಕೂತು ಪರೀಕ್ಷೆ ಬರೆಯುತ್ತಾರೆ.

ಪಠ್ಯ ಎಷ್ಟೇ ಹಿಗ್ಗಿದ್ದರೂ ಅದರ ಬೇರು ಒಂದೇ ಮಾತು: ಉಪಕರಣ ಕೆಟ್ಟರೆ ಸಿಗ್ನಲ್ ಕೆಂಪಾಗಬೇಕು. ಹಳಿಯ ಮೇಲೆ ರೈಲಿದೆಯೇ ಎಂದು ತಿಳಿಸುವ ಟ್ರ್ಯಾಕ್ ಸರ್ಕ್ಯೂಟನ್ನೇ ನೋಡಿ. ಎರಡೂ ಹಳಿಗಳಲ್ಲಿ ಸಣ್ಣ ವಿದ್ಯುತ್ ಹರಿಸಿ, ಆಚೆ ತುದಿಯಲ್ಲಿ ಒಂದು ರಿಲೇ, ಅಂದರೆ ವಿದ್ಯುತ್ತಿನಿಂದ ಆಡುವ ಸ್ವಿಚ್ಚು, ಇಟ್ಟಿರುತ್ತಾರೆ. ವಿದ್ಯುತ್ ತಲುಪುವವರೆಗೆ ರಿಲೇಯ ತೋಳು ಮೇಲೆದ್ದಿರುತ್ತದೆ. ‘ಪಿಕಪ್ ಆಗಿದೆ’ ಎಂದರೆ ಹಳಿ ಖಾಲಿ ಎಂದರ್ಥ. ರೈಲು ಬಂದಾಗ ಗಾಲಿ, ಅಚ್ಚುಗಳ ಮೂಲಕವೇ ವಿದ್ಯುತ್ ಅಡ್ಡಹಾದು ಹೋಗಿ ರಿಲೇ ‘ಡ್ರಾಪ್’ ಆಗುತ್ತದೆ, ಸಿಗ್ನಲ್ ಕೆಂಪಾಗುತ್ತದೆ. ಜಾಣತನ ಇರುವುದು ಮುಂದೆ. ತಂತಿ ಹರಿದರೂ, ಬ್ಯಾಟರಿ ಇಳಿದರೂ, ಹಳಿಯೇ ತುಂಡಾಗಿ ವಿದ್ಯುತ್ತಿನ ದಾರಿ ಕಡಿದರೂ ಆಗುವುದು ಅದೇ. ತೋಳು ತನ್ನ ಭಾರಕ್ಕೆ ತಾನೇ ಬೀಳುತ್ತದೆ. ಬೀಳಿಸಲು ಯಾವ ಶಕ್ತಿಯೂ ಬೇಡ, ಭೂಮಿಯ ಸೆಳೆತ ಸಾಕು. ಬೆಸೆದುಕೊಳ್ಳದಿರಲೆಂದು ಅದರ ಸಂಪರ್ಕ ಬಿಂದುಗಳಲ್ಲಿ ಒಂದು ಲೋಹ, ಇನ್ನೊಂದು ಕಾರ್ಬನ್.

ರಿಲೇಗೆ ಈ ಬುದ್ಧಿ ಕಲಿಸುವುದು ಸುಲಭ, ಮನುಷ್ಯನಿಗೆ ಕಷ್ಟ. ಸಿಗ್ನಲ್ ಕೆಟ್ಟು ರೈಲುಗಳು ಸಾಲುಗಟ್ಟಿದಾಗ ಕಂಟ್ರೋಲ್ ರೂಮಿನಿಂದ ಫೋನಿನ ಮೇಲೆ ಫೋನು ಬರುತ್ತದೆ. ದುರಸ್ತಿಗೆ ಮುನ್ನ ಸ್ಟೇಷನ್ ಮಾಸ್ಟರಿಗೆ ಡಿಸ್ಕನೆಕ್ಷನ್ (ಸಂಪರ್ಕ ಕಡಿತದ) ಮೆಮೊ ಕೊಟ್ಟು ಸಹಿ ಪಡೆಯಬೇಕು, ಮುಗಿದ ಮೇಲೆ ಪರೀಕ್ಷಿಸಿ ಮರುಜೋಡಣೆಯ ಮೆಮೊ ಕೊಡಬೇಕು. ಇಷ್ಟಕ್ಕೆಲ್ಲ ಸಮಯ ಎಲ್ಲಿದೆ ಎಂದು ಯಾರೋ ಒಂದು ತಂತಿಯನ್ನು ‘ತಾತ್ಕಾಲಿಕ’ವಾಗಿ ಅಡ್ಡಜೋಡಿಸಿದರೆ, ಕೆಂಪಿರಬೇಕಾದಲ್ಲಿ ಹಸಿರು ಬರುತ್ತದೆ.

ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. 2023ರ ಫೆಬ್ರವರಿ 8ರಂದು ನಮ್ಮ ಬೀರೂರು–ಚಿಕ್ಕಜಾಜೂರು ಮಾರ್ಗದ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ಹೋಗಬೇಕಾದ ದಾರಿ ಒಂದು, ಪಾಯಿಂಟ್ ತಿರುಗಿದ್ದ ದಾರಿ ಇನ್ನೊಂದು. ಲೋಕೋ ಪೈಲಟ್ ಗಮನಿಸಿ ನಿಲ್ಲಿಸಿದ್ದರಿಂದ ಅನಾಹುತ ತಪ್ಪಿತು. ಸಿಗ್ನಲ್ ವ್ಯವಸ್ಥೆಯಲ್ಲಿ ಗಂಭೀರ ಲೋಪವಿದೆ, ಪಾಯಿಂಟ್ ಸರಿಯಾಗಿ ಕೂರದೆ ಸಿಗ್ನಲ್ ಹಸಿರಾಗದಂತೆ ತಡೆಯುವ ಇಂಟರ್‌ಲಾಕಿಂಗನ್ನು ಬೈಪಾಸ್ ಮಾಡುವುದು ನಿಲ್ಲಬೇಕು ಎಂದು ಮರುದಿನವೇ ನೈರುತ್ಯ ರೈಲ್ವೆಯ ಹಿರಿಯ ಅಧಿಕಾರಿ ಪತ್ರ ಬರೆದು ಎಚ್ಚರಿಸಿದರು. ನಾಲ್ಕು ತಿಂಗಳು ತುಂಬುವುದರೊಳಗೆ, ಜೂನ್ 2ರಂದು, ಒಡಿಶಾದ ಬಹಾನಗಾ ಬಜಾರಿನಲ್ಲಿ ಮುಖ್ಯ ಮಾರ್ಗಕ್ಕೆ ಹಸಿರು ಸಿಗ್ನಲ್ ಪಡೆದ ಕೋರಮಂಡಲ ಎಕ್ಸ್‌ಪ್ರೆಸ್ ಪಕ್ಕದ ಲೂಪ್ ಲೈನಿಗೆ ಹೊರಳಿ, ನಿಂತಿದ್ದ ಗೂಡ್ಸ್ ರೈಲಿಗೆ ಬಡಿಯಿತು. ಸತ್ತವರು 290ಕ್ಕೂ ಹೆಚ್ಚು. ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಬೆರಳು ತೋರಿಸಿದ್ದು ತಂತಿ ಜೋಡಣೆಯ ತಪ್ಪಿನತ್ತ, ವರ್ಷಗಳಿಂದ ಯಾರ ಕಣ್ಣಿಗೂ ಬೀಳದೆ ಉಳಿದಿದ್ದ ತಂತಿಗಳ ತಪ್ಪು ಹೆಸರುಚೀಟಿಯತ್ತ.

ಇರಿಸೆಟ್‌ನಲ್ಲಿ ಈಗ ಹೆಚ್ಚು ಕೇಳಿಬರುವ ಹೆಸರು ‘ಕವಚ್’. ಲೋಕೋ ಪೈಲಟ್ ಕೆಂಪು ದಾಟಲು ಹೊರಟರೆ ತಾನೇ ಬ್ರೇಕ್ ಹಾಕುವ ದೇಶೀಯ ವ್ಯವಸ್ಥೆ. ಸ್ಲೀಪರುಗಳ ಮೇಲೆ ಕೂಡಿಸಿದ ಟ್ಯಾಗುಗಳು ಎಂಜಿನಿಗೆ ಅದು ಇರುವ ಜಾಗ ತಿಳಿಸುತ್ತವೆ; ನಿಲ್ದಾಣದ ಗೋಪುರ ರೇಡಿಯೊ ಮೂಲಕ ಸಿಗ್ನಲ್ಲಿನ ಸ್ಥಿತಿ ತಿಳಿಸುತ್ತದೆ. ಇದು ನಡಿಗೆ ಕಲಿತದ್ದು ಸ್ವಲ್ಪಮಟ್ಟಿಗೆ ಕನ್ನಡ ನೆಲದಲ್ಲೇ. ಲಿಂಗಂಪಲ್ಲಿ–ವಿಕಾರಾಬಾದ್–ವಾಡಿ ಮತ್ತು ವಿಕಾರಾಬಾದ್–ಬೀದರ್ ಮಾರ್ಗಗಳ ಸುಮಾರು 250 ಕಿ.ಮೀ.ನಲ್ಲಿ ಮೊದಲ ಪ್ರಯೋಗಗಳು ನಡೆದವು. 2016ರ ಫೆಬ್ರವರಿಯಲ್ಲಿ ಪ್ರಯಾಣಿಕರ ರೈಲುಗಳ ಮೇಲೂ ಪರೀಕ್ಷೆ ಆರಂಭವಾಯಿತು. ವಾಡಿ–ಸಿಕಂದರಾಬಾದ್ ಹಳಿ ನಿಜಾಮರ ಕಾಲದ್ದು, 1874ರದ್ದು. ಆ ಹಳೇ ದಾರಿಯ ಗುಲ್ಲಗುಡ–ಚಿಟ್ಗಿದ್ದ ನಡುವೆ 2022ರ ಮಾರ್ಚ್ 4ರಂದು ಒಂದೇ ಹಳಿಯಲ್ಲಿ ಎದುರುಬದುರು ಎಂಜಿನ್‌ಗಳನ್ನು ತಂದರು. ರೈಲ್ವೆ ಸಚಿವರು ಕೂತಿದ್ದ ಎಂಜಿನ್ 380 ಮೀಟರ್ ದೂರದಲ್ಲೇ ತಾನಾಗಿ ನಿಂತಿತು. ದಕ್ಷಿಣ ಮಧ್ಯ ರೈಲ್ವೆಯ 1,465 ಕಿ.ಮೀ. ಮಾರ್ಗಕ್ಕೆ ಅಳವಡಿಸಿದ ಬಳಿಕ, 2024ರ ಜುಲೈನಲ್ಲಿ ಸುಧಾರಿತ 4.0 ಆವೃತ್ತಿಗೆ ಒಪ್ಪಿಗೆ ಸಿಕ್ಕಿತು. ಇದನ್ನು ದೇಶವಿಡೀ ಹಾಕಬೇಕಾದರೆ ಬಲ್ಲವರು ಸಾವಿರಗಟ್ಟಲೆ ಬೇಕು. ಹಾಗಾಗಿ ಕವಚ್‌ನ ಉತ್ಕೃಷ್ಟತಾ ಕೇಂದ್ರವೂ ಇರಿಸೆಟ್‌ನಲ್ಲೇ ಇದೆ, ಬಿ.ಟೆಕ್. ತರಗತಿಯಲ್ಲೇ ಇದನ್ನು ಕಲಿಸಲು 17 ಎಂಜಿನಿಯರಿಂಗ್ ವಿದ್ಯಾಸಂಸ್ಥೆಗಳೊಂದಿಗೆ ಒಪ್ಪಂದವಾಗಿದೆ.

ಹಳಿ–ಸೇತುವೆಗೆ ಪುಣೆ, ವಿದ್ಯುತ್ತಿಗೆ ನಾಸಿಕ್, ಎಂಜಿನ್–ಬೋಗಿಗೆ ಬಿಹಾರದ ಜಮಾಲ್ಪುರ. ರೈಲ್ವೆ ತನ್ನ ವಿದ್ಯೆಯನ್ನು ಊರೂರಿಗೆ ಹಂಚಿದೆ. ಸಿಗ್ನಲ್ಲಿನ ಪಾಲು ಸಿಕಂದರಾಬಾದಿಗೆ ಬಂತು. ಅಲ್ಲೇ ಹತ್ತಿರದ ಮೌಲಾ ಅಲಿಯಲ್ಲಿ ಸ್ಟೇಷನ್ ಮಾಸ್ಟರ್, ಟ್ರೈನ್ ಮ್ಯಾನೇಜರ್ (ಹಿಂದಿನ ಗಾರ್ಡ್) ಮುಂತಾದವರಿಗಾಗಿ ವಲಯ ತರಬೇತಿ ಸಂಸ್ಥೆಯಿದೆ. ಹುಬ್ಬಳ್ಳಿ ವಿಭಾಗ 2003ರವರೆಗೆ ಸಿಕಂದರಾಬಾದಿನ ಆಡಳಿತದಲ್ಲೇ ಇತ್ತು. ಉತ್ತರ ಕರ್ನಾಟಕದ ರೈಲ್ವೆ ಮನೆಗಳಿಗೆ ಈ ಊರು ಹೊಸದಲ್ಲ.

ಇರಿಸೆಟ್‌ಗೆ ಶುಲ್ಕ ಕಟ್ಟಿ ಸಾಮಾನ್ಯ ಕಾಲೇಜಿಗೆ ಸೇರಿದಂತೆ ಸೇರಲಾಗದು. ಮೊದಲು ರೈಲ್ವೆ ನೌಕರಿ, ಆಮೇಲೆ ಪಾಠ. ನೇಮಕಾತಿ ಮಂಡಳಿಯ ಜೂನಿಯರ್ ಎಂಜಿನಿಯರ್ ಹುದ್ದೆಯ ಪರೀಕ್ಷೆಯನ್ನು ಡಿಪ್ಲೊಮಾ ಮಾಡಿದವರು ಬರೆಯಬಹುದು, ಅದೂ ಕನ್ನಡದಲ್ಲಿ. ವಾಡಿ, ಯಾದಗಿರಿ, ಬೀದರಿನ ಪಾಲಿಟೆಕ್ನಿಕ್ ಹುಡುಗ ಹುಡುಗಿಯರು ಬೆಂಗಳೂರಿನ ಬಸ್ಸು ಹತ್ತುವ ಮುನ್ನ ಒಮ್ಮೆ ಇತ್ತಲೂ ನೋಡಲಿ. ನಿಮ್ಮ ಸೀಮೆಯ ಹಳಿಯ ಮೇಲೇ ಪ್ರಯೋಗವಾದ ವಿದ್ಯೆಯ ಶಾಲೆ, ರೈಲಿನಲ್ಲಿ ಕೆಲವೇ ತಾಸಿನ ದಾರಿ.