ಫೈನಲ್ ಫ್ಯಾಂಟಸಿ: ಹೊಸಬರು ಎಲ್ಲಿಂದ ಶುರು ಮಾಡಬೇಕು?



ಈ ಪುಟದಲ್ಲಿ ಹಾಡು, ಹಬ್ಬ, ಊರಿನ ಸುದ್ದಿ ಓದಿ ಅಭ್ಯಾಸವಾದ ನಿಮಗೆ ಈ ಸಲದ ವಿಷಯ ವಿಚಿತ್ರ ಅನ್ನಿಸಬಹುದು. ವಿಡಿಯೋ ಗೇಮ್! "ಅದು ಹುಡುಗರ ಗಲಾಟೆ, ನಮಗ್ಯಾಕೆ?" ಅಂತ ಪುಟ ತಿರುಗಿಸಬೇಡಿ. ನಾನೂ ಹಾಗೇ ಅಂದುಕೊಂಡಿದ್ದವಳು.

ನನ್ನ ಅಕ್ಕನ ಮಗ ಕಾಲೇಜಿಗೆಂದು ಶಿವಮೊಗ್ಗದಿಂದ ಪುಣೆಯ ನಮ್ಮ ಮನೆಗೆ ಬಂದು ಎರಡು ವರ್ಷವಾಯಿತು. ರಾತ್ರಿ ಊಟವಾದ ಮೇಲೆ ಕೋಣೆ ಸೇರಿ ಬಾಗಿಲು ಹಾಕಿಕೊಂಡರೆ ಮುಗಿಯಿತು. ಒಂದು ರಾತ್ರಿ ಆ ಬಾಗಿಲ ಸಂದಿಯಿಂದ ಪಿಯಾನೋ ಕೇಳಿಸಿತು. ರೇಡಿಯೋದಲ್ಲಿ ಕೆಲಸ ಮಾಡುವವಳ ಕಿವಿ ಸುಮ್ಮನಿರುತ್ತದೆಯೇ? ಬಾಗಿಲು ತಟ್ಟಿದೆ.

"ಯಾವ ಸಿನಿಮಾದ್ದೋ ಇದು?"

"ಸಿನಿಮಾ ಅಲ್ಲ ಚಿಕ್ಕಮ್ಮ, ಗೇಮ್ ಶುರುವಾಗೋದೇ ಹೀಗೆ. ಬನ್ನಿ, ಕೂತ್ಕೊಳ್ಳಿ."

ಕೂತೆ. ಅದು 'ಫೈನಲ್ ಫ್ಯಾಂಟಸಿ' ಸರಣಿಯ ಹತ್ತನೆಯ ಆಟ. ಅವತ್ತಿನಿಂದ ಸುಮಾರು ಎರಡು ತಿಂಗಳು ನಾನು ಆ ಕೋಣೆಯ ಖಾಯಂ ಪ್ರೇಕ್ಷಕಿ. ಹೊಸಬಳಾಗಿ ನಾನು ಕಲಿತದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಹೆಸರು 'ಕೊನೆಯದು', ಆದರೆ ಮುಗಿದೇ ಇಲ್ಲ!

ಜಪಾನಿನ ಸ್ಕ್ವೇರ್ ಕಂಪನಿಯಲ್ಲಿ ಹಿರೊನೊಬು ಸಕಾಗುಚಿ ಎಂಬುವರು ರೂಪಿಸಿದ ಮೊದಲ ಆಟ ಬಂದದ್ದು 1987ರ ಡಿಸೆಂಬರ್‌ನಲ್ಲಿ. ಹೆಸರಿನಲ್ಲೇ 'ಕೊನೆಯದು' ಅಂತಿದ್ದರೂ ಸರಣಿ ಬೆಳೆಯುತ್ತಲೇ ಹೋಗಿ, 2023ರಲ್ಲಿ ಹದಿನಾರನೆಯದು ಬಂತು.

"ಅಯ್ಯೋ, ಹದಿನಾರನ್ನೂ ಮೊದಲಿನಿಂದ ಆಡಬೇಕಾ?" ಅಂತ ನಾನು ಕೇಳಿದ್ದೆ. ಬೇಕಿಲ್ಲ. ಒಂದೊಂದು ಸಂಖ್ಯೆಗೂ ಲೋಕ ಬೇರೆ, ಜನ ಬೇರೆ, ಕಥೆ ಬೇರೆ. ನಾಲ್ಕನೆಯದನ್ನು ಆಡದವರಿಗೆ ಏಳನೆಯದು ಅರ್ಥವಾಗದೆ ಹೋಗುವುದಿಲ್ಲ. ಹತ್ತನೆಯದಕ್ಕೆ 2003ರಲ್ಲಿ ಬಂದ 'ಎಕ್ಸ್-2'ರಂಥ ಕೆಲವು ಮುಂದುವರಿಕೆಗಳು ಮಾತ್ರ ಇದಕ್ಕೆ ಹೊರತು.

ಹಾಗಾದರೆ ಸರಣಿ ಅಂತ ಯಾಕೆ ಕರೆಯಬೇಕು? ನಮ್ಮ ಯಕ್ಷಗಾನ ಮೇಳವನ್ನು ನೆನೆಸಿಕೊಳ್ಳಿ. ಇವತ್ತು ಒಂದು ಪ್ರಸಂಗ, ನಾಳೆ ಇನ್ನೊಂದು. ಆದರೆ ಚೆಂಡೆ, ಮದ್ದಳೆ, ವೇಷದ ಕ್ರಮ ಗುರುತಿನವೇ. ಇಲ್ಲೂ ಹಾಗೆ. ಕುದುರೆಯ ಬದಲು ಸವಾರಿಗೆ ಚೋಕೊಬೊ ಎಂಬ ದೊಡ್ಡ ಹಳದಿ ಹಕ್ಕಿ. ಎರಡನೆಯ ಆಟದಿಂದ ಈಚೆಗೆ ಸಿಡ್ ಎಂಬ ಹೆಸರಿನವನೊಬ್ಬ ಎಲ್ಲಾದರೂ ಸಿಕ್ಕೇ ಸಿಗುತ್ತಾನೆ, ಪ್ರತಿ ಸಲ ಬೇರೆ ಮನುಷ್ಯನಾಗಿ. ಕಷ್ಟಕಾಲಕ್ಕೆ ಕರೆದರೆ ಬರುವ ಮಹಾಶಕ್ತಿಗಳೂ ಇವೆ. ಅವುಗಳ ಹೆಸರುಗಳು ಎಲ್ಲೆಲ್ಲಿಂದಲೋ ಬಂದವು: ಬೆಂಕಿಯ ಇಫ್ರಿತ್ ಅರಬ್ಬೀ ಕಥೆಗಳಿಂದ, ಓಡಿನ್ ಉತ್ತರ ಯೂರೋಪಿನ ಪುರಾಣದಿಂದ. ಹಾಗೆಯೇ ಮಂಜಿನ ಶಕ್ತಿಯ ಹೆಸರು ಶಿವ, ರೂಪ ಮಾತ್ರ ನೀಲಿ ಮೈಯ ಹೆಣ್ಣು! ಮೊದಲ ಸಲ ನೋಡಿ ನಾನು ಕಣ್ಣುಜ್ಜಿಕೊಂಡೆ.

ಕೈಚಳಕ ಬೇಡ, ತಾಳ್ಮೆ ಬೇಕು

ಗೇಮ್ ಎಂದರೆ ಪಟಪಟ ಬಟನ್ ಒತ್ತುವುದು ಎಂಬ ಭಯ ನಿಮಗಿದ್ದರೆ ಹತ್ತನೆಯದು ನಿಮಗೆ ಹೇಳಿ ಮಾಡಿಸಿದ್ದು. ಇಲ್ಲಿ ಕಾಳಗ ಸರದಿಯ ಪ್ರಕಾರ ನಡೆಯುತ್ತದೆ, ಚದುರಂಗದ ಹಾಗೆ. ಮುಂದಿನ ಸರದಿ ಯಾರದ್ದೆಂಬ ಪಟ್ಟಿ ಪರದೆಯ ಬಲಬದಿಯಲ್ಲೇ ಇರುತ್ತದೆ. ನಮ್ಮ ಸರದಿ ಬಂದಾಗ ನಾವು ಯೋಚಿಸುವಷ್ಟು ಹೊತ್ತೂ ಎದುರಾಳಿ ಕಾದು ನಿಲ್ಲುತ್ತಾನೆ. ನಡುವೆ ಎದ್ದು ಹಾಲಿನ ಪಾತ್ರೆ ಇಳಿಸಿ ಬಂದರೂ ಆಟ ಹಾಳಾಗುವುದಿಲ್ಲ.

ಗೆಲ್ಲುವ ಗುಟ್ಟು, ಯಾರನ್ನು ಯಾವಾಗ ಮುಂದೆ ಬಿಡಬೇಕು ಅನ್ನುವುದರಲ್ಲಿದೆ. ಹಾರುವ ಪ್ರಾಣಿಗೆ ವಾಕಾ ಎಸೆಯುವ ಚೆಂಡು. ಗಟ್ಟಿ ಚಿಪ್ಪಿನದಕ್ಕೆ ಆರಾನ್‌ನ ಭಾರಿ ಕತ್ತಿ. ಚುರುಕಾಗಿ ತಪ್ಪಿಸಿಕೊಳ್ಳುವುದಕ್ಕೆ ನಾಯಕ ಟೀಡಸ್. ಲುಲುವಿನ ಮಂತ್ರಗಳಲ್ಲಿ ಮಂಜಿಗೆ ಬೆಂಕಿ, ನೀರಿಗೆ ಸಿಡಿಲು ಮದ್ದು. ಕಾಳಗದ ನಡುವೆಯೇ ಆಳು ಬದಲಾಯಿಸಬಹುದು. ಇಷ್ಟು ತಿಳಿದರೆ ಮೊದಲ ಹತ್ತು ಗಂಟೆ ಆರಾಮಾಗಿ ಕಳೆಯುತ್ತದೆ.

ಮನೆಯಲ್ಲಿ ಆಡುವ ಮಕ್ಕಳಿರುವ ತಾಯಂದಿರಿಗೆ ಒಂದು ಮಾತು. ಊಟಕ್ಕೆ ಕರೆದಾಗ "ಐದೇ ನಿಮಿಷ" ಅನ್ನುವುದು ಯಾವಾಗಲೂ ಸುಳ್ಳಲ್ಲ. ಇಂಥ ಹಳೆಯ ಆಟಗಳಲ್ಲಿ ಆಡಿದ್ದನ್ನು ಬೇಕಾದಲ್ಲಿ ಉಳಿಸಿಕೊಳ್ಳಲಾಗುವುದಿಲ್ಲ. ಹತ್ತನೆಯದರಲ್ಲಿ ದಾರಿಯಲ್ಲಿ ಅಲ್ಲಲ್ಲಿ ಹೊಳೆಯುವ ಗೋಳಗಳಿರುತ್ತವೆ, ಅಲ್ಲಿಗೆ ತಲುಪಿದರೇ 'ಸೇವ್'. ಅದಕ್ಕೂ ಮುಂಚೆ ಸ್ವಿಚ್ ಆರಿಸಿದರೆ ಒಂದು ಗಂಟೆಯ ಶ್ರಮ ನೀರುಪಾಲು.

ಕಿವಿಗೆ ಹಬ್ಬ

ನಮ್ಮ ಕೇಳುಗರಿಗೆ ಇದನ್ನು ಹೇಳಲೇಬೇಕು. ಮೊದಲ ಒಂಬತ್ತು ಆಟಗಳಿಗೂ ಸಂಗೀತ ಕೊಟ್ಟವರು ನೊಬುವೊ ಉಯೆಮಾತ್ಸು. ಇವರು ಸಂಗೀತ ಶಾಲೆಯಲ್ಲಿ ಕಲಿತವರಲ್ಲ, ತಾವಾಗಿಯೇ ಕಲಿತವರು. 1987ರ ಆ ಯಂತ್ರದಲ್ಲಿ ಒಂದೇ ಹೊತ್ತಿಗೆ ಮೂರು ಸ್ವರ ಹೊರಡಿಸಿ, ಜೊತೆಗೆ ತಾಳದ ಸದ್ದು ಸೇರಿಸಿದರೆ ಅದೇ ಹೆಚ್ಚು. ಅಷ್ಟರಲ್ಲೇ ಅವರು ಆರೋಹಣ, ಅವರೋಹಣದಂತೆ ಏರಿ ಇಳಿಯುವ ಒಂದು ಪುಟ್ಟ ನಾದವನ್ನು ಕಟ್ಟಿದರು. 'ಪ್ರಿಲ್ಯೂಡ್' ಎಂಬ ಅದು ಈ ಸರಣಿಯ ಗುರುತಿನ ನಾದವೇ ಆಯಿತು. 2001ರ ಹತ್ತನೆಯ ಆಟಕ್ಕೆ ಅವರ ಜೊತೆ ಇನ್ನಿಬ್ಬರು ಸಂಗೀತಗಾರರು ಸೇರಿದರು. ಪಾತ್ರಗಳು ಬಾಯಿಬಿಟ್ಟು ಮಾತಾಡಿದ್ದೂ ಇದರಲ್ಲೇ ಮೊದಲು. ನಾನು ಬಾಗಿಲಾಚೆ ಕೇಳಿದ ಪಿಯಾನೋ ಇದರ 'ಟು ಝನಾರ್ಕಂಡ್'. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನ ಉದ್ಘಾಟನೆಯಲ್ಲಿ ದೇಶಗಳ ತಂಡಗಳು ನಡೆದು ಬಂದಾಗ ಈ ಸರಣಿಯ ಸಂಗೀತವೂ ಮೊಳಗಿತು.

ಅಪ್ಪ ಮತ್ತು ಮಗ

ಕಥೆ ನಡೆಯುವುದು ಸ್ಪಿರಾ ಎಂಬ ಲೋಕದಲ್ಲಿ. ಸಿನ್ ಎಂಬ ಬೆಟ್ಟದಂಥ ಪ್ರಾಣಿ ಆಗಾಗ ಬಂದು ಊರೂರನ್ನೇ ಅಳಿಸಿ ಹೋಗುತ್ತದೆ. ಅದನ್ನು ತಡೆಯಲು ಯೂನಾ ಎಂಬ ಹುಡುಗಿ ಯಾತ್ರೆ ಹೊರಡುತ್ತಾಳೆ, ಹಿಂದೆ ಅವಳ ತಂದೆ ನಡೆದ ದಾರಿಯಲ್ಲೇ. ಜೊತೆಗೆ ಟೀಡಸ್. ಅವನ ತಂದೆ ಜೆಕ್ಟ್ ದೊಡ್ಡ ಆಟಗಾರ, ಮಗನನ್ನು ಅಳುಬುರುಕ ಎಂದು ಹೀಯಾಳಿಸುತ್ತಿದ್ದವನು. ಒಂದು ದಿನ ಕಾಣೆಯಾದ ಆ ಅಪ್ಪನ ಮೇಲಿನ ಸಿಟ್ಟನ್ನು ಹೊತ್ತುಕೊಂಡೇ ಮಗ ನಡೆಯುತ್ತಾನೆ.

ಆಟವಿರುವುದು ಇಂಗ್ಲಿಷಿನಲ್ಲಿ. "ನನಗೆ ಕನ್ನಡದಲ್ಲಿ ಹೇಳೋ" ಅಂದೆ. ಯೂನಾಳ ಕೆಲಸಕ್ಕೆ ಅವನು "ಆವಾಹನೆ ಮಾಡೋಳು" ಅಂದ. ಎಷ್ಟು ಸರಿಯಾಗಿ ಹೇಳಿದ ನೋಡಿ!

ಶುರುವಿನಲ್ಲೇ ಕಿಲಿಕಾ ಎಂಬ ಊರು ಹಾಳಾಗುತ್ತದೆ. ಸತ್ತವರನ್ನು ನೀರಿನಲ್ಲಿ ಇಳಿಬಿಟ್ಟಿರುತ್ತಾರೆ. ಯೂನಾ ನೀರಿನ ಮೇಲೆಯೇ ನಡೆದು ಹೋಗಿ ಕೋಲು ಹಿಡಿದು ಕುಣಿಯುತ್ತಾಳೆ, ಜೀವಗಳು ಬೆಳಕಾಗಿ ಮೇಲೇಳುತ್ತವೆ. "ಇದಕ್ಕೇನಂತಾರೆ?" ಅಂತ ಕೇಳಿದೆ. "ಕಳಿಸಿಕೊಡೋದು ಚಿಕ್ಕಮ್ಮ" ಅಂದ. ಕಳಿಸಿಕೊಡದಿದ್ದರೆ ಸತ್ತವರು ಬದುಕಿದ್ದವರನ್ನು ಕಂಡು ಅಸೂಯೆಪಟ್ಟು ಕ್ರೂರ ಪ್ರಾಣಿಗಳಾಗುತ್ತಾರಂತೆ. ಕಾಡಿನಲ್ಲಿ ನಾವು ಹೊಡೆದು ಹಾಕುವುದು ಅವರನ್ನೇ.

ಆಮೇಲೆ ಅವನು ಕಂಟ್ರೋಲರ್ ಕೆಳಗಿಟ್ಟ. ನಮ್ಮ ಭಾವನವರು ತೀರಿಕೊಂಡು ಆಗ ವರ್ಷವಾಗಿತ್ತು. ವರ್ಷಾಂತಿಕಕ್ಕೆ ಊರಿಗೆ ಹೋಗಿ ಬಂದವನು ಅಪ್ಪನ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

"ಕೊನೇ ಸಲ ಫೋನ್‌ನಲ್ಲಿ ಅಪ್ಪನ ಹತ್ರ ಜಗಳ ಆಡಿದ್ದೆ ಚಿಕ್ಕಮ್ಮ. ಫೀಸಿನ ವಿಷಯಕ್ಕೆ."

ನಾನು ಸಮಾಧಾನದ ಮಾತು ಹುಡುಕಲಿಲ್ಲ. ಅವನು ಹೇಳುತ್ತಾ ಹೋದ, ನಾನು ಕೇಳುತ್ತಾ ಕೂತೆ. ರಾತ್ರಿ ಎರಡಾಗಿತ್ತು. ಮರುದಿನ ಬೆಳಿಗ್ಗೆ ಅವನೇ ಅಕ್ಕನಿಗೆ ಫೋನ್ ಮಾಡಿದ.

ಗೇಮ್ ಆಡಿದರೆ ದುಃಖ ಕಳೆಯುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ಬಾಗಿಲು ಹಾಕಿಕೊಂಡ ಮಗು ಒಳಗೆ ಯಾವ ಕಥೆಯ ಜೊತೆ ಕೂತಿದೆ ಅಂತ ಒಮ್ಮೆ ಹೋಗಿ ನೋಡಬಹುದಲ್ಲ? ಕಥೆಯ ಕೊನೆಯನ್ನು ಇಲ್ಲಿ ಹೇಳಿ ಕೆಡಿಸಲಾರೆ. ನಾವಿಬ್ಬರೂ ಅತ್ತೆವು ಅಂತ ಮಾತ್ರ ಹೇಳಬಲ್ಲೆ!

ನಿಮಗೆ ಯಾವುದು ಸರಿ?

* ಕಥೆ ಮುಖ್ಯ, ಅವಸರ ಬೇಡ ಅನ್ನುವವರಿಗೆ ಹತ್ತನೆಯದು. ತಿದ್ದಿ ಹೊಳಪು ಕೊಟ್ಟ ರೂಪ ಪ್ಲೇಸ್ಟೇಷನ್ 4, ಕಂಪ್ಯೂಟರ್, ನಿಂಟೆಂಡೊ ಸ್ವಿಚ್‌ಗಳಿಗೆ ಬಂದಿದೆ. ಮುಗಿಸಲು 45–50 ಗಂಟೆ ಬೇಕು. ದಿನಕ್ಕೊಂದು ಗಂಟೆ ಎಂದರೆ ಧಾರಾವಾಹಿ ನೋಡಿದ ಹಾಗೆ ಒಂದೂವರೆ ತಿಂಗಳು.

* ಫೋನ್ ಮಾತ್ರ ಇರುವವರಿಗೆ, ಮೊದಲ ಆರು ಆಟಗಳ 'ಪಿಕ್ಸೆಲ್ ರೀಮಾಸ್ಟರ್'. 1994ರ ಆರನೆಯದರಲ್ಲಿ ಆಡಲು ಹದಿನಾಲ್ಕು ಪಾತ್ರಗಳಿವೆ, ಒಂದು ಸಂಗೀತ ನಾಟಕದ ದೃಶ್ಯವೂ ಇದೆ. ಅದನ್ನು ಬಿಡಬೇಡಿ.

* ಸರಣಿ ಜಗತ್ತಿಗೆಲ್ಲ ಗೊತ್ತಾದದ್ದು 1997ರ ಏಳನೆಯದರಿಂದ. ಆಗ ಅದು ಮೂರು ಸಿ.ಡಿ.ಗಳಲ್ಲಿ ಬಂದಿತ್ತು. ಅದನ್ನು ಹೊಸದಾಗಿ ಕಟ್ಟಿದ ಭಾಗಗಳು 2020 ಮತ್ತು 2024ರಲ್ಲಿ ಬಂದವು. ಇವುಗಳಲ್ಲಿ ಕೈ ಚುರುಕಿರಬೇಕು.

* ಹದಿನಾರನೆಯದು ದೊಡ್ಡವರಿಗೆ ಮಾತ್ರ. ರಕ್ತಪಾತ ಹೆಚ್ಚು, ಚಿಕ್ಕ ಮಕ್ಕಳ ಕೈಗೆ ಬೇಡ.

* ಹನ್ನೊಂದು ಮತ್ತು ಹದಿನಾಲ್ಕು ಇಂಟರ್ನೆಟ್‌ನಲ್ಲಿ ಸಾವಿರಾರು ಜನರ ಜೊತೆ ಆಡುವಂಥವು. ತಿಂಗಳ ಚಂದಾ ಇರುತ್ತದೆ, ಮುಗಿಯುವುದೆಂಬುದಿಲ್ಲ. ಪರೀಕ್ಷೆಯ ಹೊತ್ತಿನಲ್ಲಿ ಹತ್ತಿರ ಸುಳಿಯಬೇಡಿ.

ಕೊನೆಗೊಂದು ಮಾತು. ನಿಮಗೆ ಆಡಲು ಬರದಿದ್ದರೂ ಪರವಾಗಿಲ್ಲ. ಪಕ್ಕದಲ್ಲಿ ಒಂದು ಕುರ್ಚಿ ಹಾಕಿಕೊಳ್ಳಿ, ಒಂದು ತಟ್ಟೆ ಚುರುಮುರಿ ಇರಲಿ. "ಇವನ್ಯಾರು? ಅವಳ್ಯಾಕೆ ಅಳ್ತಾಳೆ?" ಅಂತ ಕೇಳಿ. ಕೇಳುವವರು ಸಿಕ್ಕರೆ ಹೇಳುವವರಿಗೆ ಹುರುಪು. ರೇಡಿಯೋದವರಿಗೆ ಇದು ಚೆನ್ನಾಗಿಯೇ ಗೊತ್ತು!

ಮತ್ತೆ ಸಿಗೋಣ. ಅಲ್ಲಿಯವರೆಗೆ, ಕೇಳುತ್ತಿರಿ.