ಹಳೆಯ ಆಟ, ಹೊಸ ಯಂತ್ರ

ಮೊನ್ನೆ ಮನಗೂಳಿಯ ನಮ್ಮ ಮನೆಯಲ್ಲಿ ಸಣ್ಣದೊಂದು ವ್ಯಸನವುಂಟಾಯಿತು. ನಮ್ಮ ಮಗನು ಬಾಲ್ಯದಲ್ಲಿ ಆಡಿ, ಇದುವರೆಗೆ ಜೋಪಾನವಾಗಿಟ್ಟಿದ್ದ ಗಣಕಯಂತ್ರದ ಆಟವೊಂದನ್ನು ತನ್ನ ಮಗನಿಗೆ ತೋರಿಸಹೋದರೆ, ಹೊಸ ಯಂತ್ರದಲ್ಲಿ ಅದು ನಡೆಯಲೇ ಇಲ್ಲ. ಕೆಟ್ಟಿತೆಂದು ಒಗೆಯಲು ಹೊರಟನು, ನಾವು ತಡೆದೆವು.

ವಾಚಕರೇ, ಇಂಥಲ್ಲಿ ಕೆಟ್ಟದ್ದು ಆಟವಲ್ಲ. ೧೯೯೦ರಲ್ಲಿ ಡಾಸ್ ವ್ಯವಸ್ಥೆಗೆಂದು ಬಂದ ‘ಪ್ರಿನ್ಸ್ ಆಫ್ ಪರ್ಶಿಯಾ’ದಂಥ ಆಟಗಳು ೧೬ ಬಿಟ್ಟಿನ ಆಜ್ಞೆಗಳಲ್ಲಿ ರಚಿತವಾದವು, ಪರದೆಗೂ ಧ್ವನಿಯ ಉಪಕರಣಕ್ಕೂ ಅವು ತಾವೇ ನೇರವಾಗಿ ಅಪ್ಪಣೆ ಕೊಡುತ್ತಿದ್ದವು. ೬೪ ಬಿಟ್ಟಿನ ವಿಂಡೋಸ್ ವ್ಯವಸ್ಥೆಯಾದರೋ ಆ ಆಜ್ಞೆಗಳನ್ನು ನಡೆಯಿಸದು. ನೇರ ಅಪ್ಪಣೆಗೂ ಎಡೆಗೊಡದು. ೨೦೨೧ರಲ್ಲಿ ಬಂದ ‘ವಿಂಡೋಸ್ ೧೧’ ಈ ಬಗೆಯದೊಂದೇ ಆಗಿರುವದರಿಂದ ತೊಡಕು ಮನೆಮನೆಗೂ ಬಂದಿರುವದು.

ನಮ್ಮ ಮುಂಬಯಿ ಕರ್ನಾಟಕದ ಮೋಡಿ ಲಿಪಿಯ ಕಾಗದಗಳ ಗತಿಯೂ ಇದೇ. ಹೊಲದ ಪತ್ರವು ಗಟ್ಟಿಯಾಗಿಯೇ ಇರುವದು, ಓದಬಲ್ಲವರು ವಿರಳರಾದರು. ಆದುದರಿಂದ ಪತ್ರವನ್ನು ಹರಿಯುವದು ಸಲ್ಲದು. ಬಲ್ಲವರನ್ನು ಅರಸುವದೇ ವಿವೇಕ.

ಆಟಗಳಿಗೂ ಅಂಥ ದುಭಾಷಿಯುಂಟು. ೨೦೦೨ರಲ್ಲಿ ಹೊರಬಂದ ‘ಡಾಸ್‌ಬಾಕ್ಸ್’ ಎಂಬ ಉಚಿತ ತಂತ್ರಾಂಶವು ಹೊಸ ಯಂತ್ರದೊಳಗೆ ಹಳೆಯದೊಂದು ಯಂತ್ರವನ್ನೇ ಅನುಕರಿಸಿ, ಆ ಕಾಲದ ಮಂದಗತಿಯನ್ನೂ ಉಳಿಸಿಕೊಂಡು ಆಟವನ್ನು ನಡೆಯಿಸುವದು. ಇಲ್ಲವಾದರೆ ಕೆಲವು ಆಟಗಳು ಹೊಸ ಯಂತ್ರದ ವೇಗಕ್ಕೆ ಸಿಕ್ಕು, ಆಡುವವನ ಕೈಗೆ ನಿಲುಕದಂತೆ ಓಡುವವು.

ಆ ಸಂಜೆಯೇ ನಮ್ಮ ಮನೆಯ ಆಟವು ಮತ್ತೆ ನಡೆಯಿತು. ಮಗನು ಸೋತನು, ಮೊಮ್ಮಗನು ನಕ್ಕನು. ಹಳೆಯದನ್ನು ಒಗೆಯುವ ಮುನ್ನ, ಅದನ್ನು ಓದಬಲ್ಲವರು ಎಲ್ಲಿಯಾದರೂ ಉಳಿದಿರುವರೇ ಎಂದು ಗೃಹಸ್ಥರು ವಿಚಾರಿಸತಕ್ಕದ್ದು.