ಕಾಗದತೊಗಟೆ ಮೇಪಲ್

ಕಾಗದತೊಗಟೆ ಮೇಪಲ್ (ವೈಜ್ಞಾನಿಕ ಹೆಸರು: ಏಸರ್ ಗ್ರಿಸಿಯಮ್) ಮಧ್ಯ ಚೀನಾದ ಬೆಟ್ಟಗಾಡುಗಳಲ್ಲಿ ಬೆಳೆಯುವ, ಎಲೆಯುದುರಿಸುವ ಸಣ್ಣ ಮರ. ಇದು ಅಂಟುವಾಳ, ಲಿಚಿಗಳಿರುವ ಸ್ಯಾಪಿಂಡೇಸಿ ಕುಟುಂಬಕ್ಕೆ ಸೇರಿದೆ. ಇಂಗ್ಲೆಂಡಿನ ವೀಚ್ ನರ್ಸರಿಗಾಗಿ ಚೀನಾದಲ್ಲಿ ಸಸ್ಯಗಳನ್ನು ಸಂಗ್ರಹಿಸುತ್ತಿದ್ದ ಅರ್ನೆಸ್ಟ್ ಹೆನ್ರಿ ವಿಲ್ಸನ್ ಇದನ್ನು 1901ರಲ್ಲಿ ಯುರೋಪಿಗೆ ಪರಿಚಯಿಸಿದನು.

ಉದ್ಯಾನಗಳಲ್ಲಿ ಇದು ಬಹು ನಿಧಾನವಾಗಿ, ಸಾಮಾನ್ಯವಾಗಿ 6ರಿಂದ 9 ಮೀಟರ್ ಎತ್ತರಕ್ಕೆ ಬೆಳೆಯುತ್ತದೆ. ಮೂರು ಕಿರುಎಲೆಗಳಿಂದ ಕೂಡಿದ ಎಲೆಗಳು ಶರತ್ಕಾಲದಲ್ಲಿ ಕಿತ್ತಳೆ, ಕೆಂಪು ಬಣ್ಣಕ್ಕೆ ತಿರುಗುತ್ತವೆ. ಆದರೂ ಮರದ ನಿಜವಾದ ಸೊಬಗು ತೊಗಟೆಯಲ್ಲಿದೆ. ದಾಲ್ಚಿನ್ನಿ ಬಣ್ಣದ ತೆಳುಪದರಗಳು ಕಾಗದದಂತೆ ಸುಲಿದು, ಸುರುಳಿಗೊಂಡು, ಉದುರದೆ ಬಹುಕಾಲ ಕಾಂಡದಲ್ಲೇ ನಿಲ್ಲುತ್ತವೆ. ಎಲೆಯಿಲ್ಲದ ಚಳಿಗಾಲದಲ್ಲಿ ಇಳಿಬಿಸಿಲು ಹಾಯ್ದಾಗ ಅವು ಹೊಳೆಯುವುದರಿಂದ ಮರವನ್ನು ಕಾಲುದಾರಿಯ ಸಮೀಪ ನೆಡುವುದು ಲೇಸು. ಕುತೂಹಲಕ್ಕಾಗಿ ಕೈಯಿಂದ ಸುಲಿದರೆ ಒಳತೊಗಟೆಗೆ ಗಾಯವಾಗುತ್ತದೆ.

ನೀರು ಬಸಿಯುವ, ಆದರೆ ತೇವ ಆರದ ಮಣ್ಣು, ಬಿಸಿಲು ಅಥವಾ ಅರೆನೆರಳು ಇದಕ್ಕೆ ಹಿತ. ಎಳೆಯ ಗಿಡಗಳಿಗೆ ಬೇಸಿಗೆಯಲ್ಲಿ ತಪ್ಪದೆ ನೀರುಣಿಸಬೇಕು. ಚಳಿಗಾಲದ ವಿಶ್ರಾಂತಿಯನ್ನು ಬೇಡುವ ಮರವಾದುದರಿಂದ ಉಷ್ಣಪ್ರದೇಶಗಳಿಗೆ ಒಗ್ಗದು.

ಸಸ್ಯಾಭಿವೃದ್ಧಿಯೇ ದೊಡ್ಡ ತೊಡಕು. ರೆಕ್ಕೆಯುಳ್ಳ ಕಾಯಿಗಳು ಹೇರಳವಾಗಿ ಬಿಟ್ಟರೂ ಅವುಗಳಲ್ಲಿ ಬಹುಪಾಲು ಬೀಜವಿಲ್ಲದ ಟೊಳ್ಳುಗಳು. ಗರ್ಭಾಂಕುರವಾಗದೆಯೂ ಕಾಯಿ ಬಲಿಯುವುದೇ ಇದಕ್ಕೆ ಕಾರಣ. ಆದ್ದರಿಂದ ಬಿತ್ತುವವರು ಕೆಲವು ಕಾಯಿಗಳನ್ನು ಕತ್ತರಿಸಿ ನೋಡುವುದು ಒಳ್ಳೆಯದು. ಗಟ್ಟಿ ಬೀಜ ಮೊಳೆಯಲೂ ಎರಡು ಚಳಿಗಾಲ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಹಿಡಿಯಬಹುದು. ಕಡ್ಡಿಗಳು ಸುಲಭವಾಗಿ ಬೇರೂರುವುದಿಲ್ಲ. ತೋಟಗಳಲ್ಲಿ ಮೆಚ್ಚುಗೆ ಗಳಿಸಿರುವ ಈ ಮರ ತವರಿನ ಕಾಡುಗಳಲ್ಲಿ ವಿರಳ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯು ಇದನ್ನು ಅಪಾಯದಂಚಿನ ಪ್ರಭೇದವೆಂದು ಗುರುತಿಸಿದೆ.